ಬಂಡಳ್ಳಿಯ ಹುಳದ ಮನೆಗೆ ನಾನು ಕೊಟ್ಟ ನೀರು

ರತ್ನಾ, ನಿಮ್ಮ ಮನೆಯ ರೇಷ್ಮೆಹುಳು ಸತ್ತದ್ದು ನಿನ್ನಿಂದಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಅತ್ತೆಯ ಮುಂದೆ ಸುಳ್ಳಾಡಿದೆ.

ನಾನು ಕೊಟ್ಟ ನೀರೇ ಕೊಂದಿತೆಂದು ಇಂದಿಗೂ ಸಾಬೀತು ಮಾಡಲಾರೆ — ಹುಳು ಸಾಯಲು ನೂರು ಕಾರಣ. ಆ ನೂರರಲ್ಲಿ ನೀನಿರಲಿಲ್ಲ.

ನಿಮ್ಮ ತೋಟದ ಮೇಲ್ಗಡೆ ಕೋಳಿ ಫಾರಂ. ಕೋಳಿಗೆ ಕೊಟ್ಟ ಆಂಟಿಬಯೋಟಿಕ್ ನಿಮ್ಮ ಹೊಂಡಕ್ಕೆ ಇಳಿಯುತ್ತಿತ್ತು. ಅದನ್ನು ತೆಗೆಯಲೆಂದೇ ನಾನು ಬಂದದ್ದು. ಬಿಳಿ ಪುಡಿ ಬಳಿದ ಗಾಜಿನ ಹಲಗೆಯ ಮೇಲೆ ನೀರನ್ನು ತೆಳುವಾಗಿ ಹರಿಸುವುದು. ಬಿಸಿಲು ಬಿದ್ದರೆ ಆ ಪುಡಿ ಔಷಧವನ್ನು ಒಡೆದುಹಾಕುತ್ತದೆ. ಕೊಳ್ಳೇಗಾಲದ ಲ್ಯಾಬಿನಲ್ಲಿ ನೋಡಿದರೆ ಔಷಧದ ಸುಳಿವೇ ಇಲ್ಲ. ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಬಾಡದಂತೆ ಹೊದಿಸುವ ಗೋಣಿಚೀಲವನ್ನು ಇದೇ ನೀರಲ್ಲಿ ನೆನೆಸಿ ಎಂದು ನಿನ್ನ ಅತ್ತೆ ಗೌರಮ್ಮನಿಗೆ ಹೇಳಿದವಳು ನಾನೇ.

"ಬಿಸ್ಲಲ್ಲೇ ಔಸ್ದಿ ಓಡುಸ್ತೀರಾ? ನಮ್ ಯಜಮಾನ್ರ ಸೋಮಾರಿತನಾನೂ ಒಸಿ ಅದ್ರಲ್ಲೇ ಓಡ್ಸಿ ಮೇಡಮ್ಮಾರೆ," ಎಂದರು ಅವರು. ನೀನು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ.

ಆಮೇಲೆ ಮೋಡ ಕವಿಯಿತು. ಆ ದಿನಗಳ ನೀರಿನಲ್ಲೂ ಔಷಧವಿರಲಿಲ್ಲ. ಆದರೆ ಅದರೊಳಗೆ ಬ್ಯಾಕ್ಟೀರಿಯಾ ಬಿಟ್ಟು ನೋಡಿದೆ — ಬೆಳೆಯಲೇ ಇಲ್ಲ. ಔಷಧ ಒಡೆದಿತ್ತು, ಆದರೆ ಬಿಸಿಲು ಸಾಲದೆ ಉಳಿದ ಅದರ ಚೂರುಗಳು ಇನ್ನೂ ಕೊಲ್ಲುತ್ತಿದ್ದವು. ಆ ನೀರು ಬಳಸಬೇಡಿ ಎಂದು ಆ ಕ್ಷಣವೇ ನಿಮಗೆ ಫೋನ್ ಮಾಡಬೇಕಿತ್ತು. ಇನ್ನೊಮ್ಮೆ ಪರೀಕ್ಷಿಸಿ ಹೇಳೋಣ ಎಂದುಕೊಂಡೆ — ಅಥವಾ ಹಾಗೆ ಎಂದುಕೊಂಡೆನೆಂದು ಈಗ ಕಥೆ ಹೊಲಿಯುತ್ತಿದ್ದೇನೆ. ನನ್ನ ಹಲಗೆಗಳನ್ನು ನೋಡಲು ಮೈಸೂರಿನಿಂದ ದೊಡ್ಡವರು ಬರುವವರಿದ್ದರು. ಇಷ್ಟು ಮಾತ್ರ ನಿಜ.

ನಾನು ಬರುವಷ್ಟರಲ್ಲಿ, ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ತಟ್ಟೆ ತುಂಬ ಕಪ್ಪಾಗಿ, ಮೆತ್ತಗೆ — ಆ ವಾಸನೆ. ನೀನು ಬಾಗಿಲಲ್ಲಿ ನಿಂತಿದ್ದೆ. ಅಥವಾ ಬಾಗಿಲನ್ನು ನನ್ನ ನೆನಪು ಆಮೇಲೆ ತಂದಿಟ್ಟಿತೋ.

"ಮುಟ್ಟಾಗಿದ್ದೋಳು ಉಳದ್ ಮನೆಗೆ ನುಗ್ಗವ್ಳೆ ಕಣ್ರಿ," ಎಂದರು ಗೌರಮ್ಮ, ನಿನ್ನತ್ತ ಕೈ ತೋರಿಸಿ. "ಓದಿರೋರು ನೀವೇ ಏಳಿ ಮೇಡಮ್ಮಾರೆ, ಅದ್ಕೇ ಅಲ್ವಾ?"

"ಇರಬಹುದು," ಎಂದೆ ನಾನು.

ಯಾರೂ ಹೆದರಿಸಿರಲಿಲ್ಲ. ನಾನು ಯೋಚಿಸಿಯೂ ಇರಲಿಲ್ಲ. ಮುಟ್ಟಾದಾಗಲೂ ಎಷ್ಟೋ ಸಲ ನಾನು ಅದೇ ಮನೆಯೊಳಗೆ ಓಡಾಡಿದ್ದೆ, ರತ್ನಾ. ನನ್ನನ್ನು ಯಾರೂ ಕೇಳಲಿಲ್ಲ.

ವರ್ಷಗಳಾದವು. ಹಲಗೆಗಳನ್ನು ಸರಿಪಡಿಸಿದೆ, ಈಗ ಚೂರುಗಳೂ ಅಳಿಯುವ ತನಕ ನೀರನ್ನು ಬಿಸಿಲಿಗೆ ಬಿಡುತ್ತೇವೆ. ನಿನ್ನದು ಮುಗಿದ ಕಥೆ ಎಂದುಕೊಂಡಿದ್ದೆ. ಮೊನ್ನೆ ಯಳಂದೂರಿನ ಬಸ್ ನಿಲ್ದಾಣದಲ್ಲಿ ನೀನೇ ಕೂಗಿ ಬಂದು ಕೈ ಹಿಡಿದುಕೊಂಡೆ. ಮಗಳು ದೊಡ್ಡವಳಾದಳೆಂದು ಹೇಳಿದೆ.

"ಆ ದಿನ್ಗಳಲ್ಲಿ ಅವ್ಳುನ್ನ ಉಳದ್ ಮನೆ ತಾವ್ಕೂ ಬುಡಾಕಿಲ್ಲ ಮೇಡಂ. ಬಚ್ಚಲ್ ಪಕ್ಕದ್ ಶೆಡ್ಡಲ್ಲೇ ಮನಿಕತಾಳೆ. ಮೊದ್ಲು ನಂಗೂ ಇದೆಲ್ಲ ಸುಳ್ಳು ಅನ್ನುಸ್ತಿತ್ತು. ಆಮ್ಯಾಕೆ ನೀವೇ ಏಳುದ್ರಲ್ಲಾ."

ನಂಬಿಬಿಟ್ಟಿದ್ದೀಯ. ನನ್ನನ್ನು ನಂಬಿ, ನಿನ್ನನ್ನು ನೀನೇ — ಮಗಳನ್ನೂ —

ಬಸ್ ಬಂತು, ನೀನು ಹತ್ತಿದೆ, ಕಿಟಕಿಯಿಂದ ಕೈ ಬೀಸಿದೆ. ನಾನೂ ಬೀಸಿದೆ.

ನಾಳೆ ಬಂಡಳ್ಳಿಗೆ ಬರುತ್ತೇನೆ. ನಿನ್ನ ಕ್ಷಮೆ ಕೇಳುವುದಿಲ್ಲ. ಅದೂ ನಿನ್ನಿಂದ ಕಿತ್ತುಕೊಂಡಂತೆಯೇ. ಗೌರಮ್ಮನ ಎದುರಿಗೇ ಎಲ್ಲ ಹೇಳುತ್ತೇನೆ. ನಿನ್ನ ಮಗಳೂ ಅಲ್ಲಿರಬೇಕು. ಅವಳು ಆ ಶೆಡ್ಡಿನಲ್ಲಿದ್ದರೆ, ಮೊದಲು ಅಲ್ಲಿಗೇ ಹೋಗುತ್ತೇನೆ.