ಬೋರಯ್ಯನವರು ಮತ್ತು ನಾನು ಕೊಟ್ಟುಬಂದ ಕಂಪ್ಯೂಟರ್

ನೀವು ಎದುರಿಗೆ ಕುಳಿತಿರದಿದ್ದರೆ ಬೋರಯ್ಯನವರು ನಿಮ್ಮ ಕಂಪ್ಯೂಟರಿನ ಒಂದು ಸ್ಕ್ರೂವನ್ನೂ ಬಿಚ್ಚುತ್ತಿರಲಿಲ್ಲ. ಅರಸೀಕೆರೆಯಲ್ಲಿ ನಮ್ಮದೇ ಬೀದಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೊಂದು ಮೇಜು, ಮೇಜಿನ ಈಚೆಗೆ ಮರದ ಸ್ಟೂಲು. ರಿಪೇರಿಗೆ ತಂದವರು ಆ ಸ್ಟೂಲಿನ ಮೇಲೆ ಕೂರಬೇಕು. ಟೀ ಕುಡಿದು ಬರುತ್ತೇನೆಂದು ಎದ್ದರೆ ಅವರೂ ಸ್ಕ್ರೂಡ್ರೈವರ್ ಕೆಳಗಿಟ್ಟು ಕೈಕಟ್ಟಿ ಕೂರುತ್ತಿದ್ದರು. "ಹೋಗ್ಬನ್ನಿ. ನೀವು ಬರೋಗಂಟ ನಾನು ಮುಟ್ಟಲ್ಲ."

ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು ಅವರು. ಕಂಪ್ಯೂಟರ್ ಕಲಿತದ್ದು ಆಮೇಲೆ, ಹಾಸನದಿಂದ ತಂದ ಒಂದು ಹಳೆಯ ಯಂತ್ರವನ್ನು ಬಿಚ್ಚಿ ಜೋಡಿಸಿ, ಜೋಡಿಸಿ ಬಿಚ್ಚಿ. ತೆಳ್ಳಗಿನ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಯಾರಾದರೂ ಪಾಸ್‌ವರ್ಡ್ ಹೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗುತ್ತಿದ್ದರು. "ನೀವೇ ಒತ್ತಿ. ನಂಗೆ ಬ್ಯಾಡ ಅದು." ಯಾಕೆ ಸಾರ್ ಇಷ್ಟೊಂದು ಎಂದು ಒಮ್ಮೆ ಕೇಳಿದ್ದಕ್ಕೆ ಹೇಳಿದರು: "ಸಿಂಗಲ್ ಲೈನ್ ಮ್ಯಾಲೆ ಗಾಡಿ ಬಿಡೋ ಟೋಕನ್ ಒಬ್ಬ ಡ್ರೈವರ್ ಕೈಲಿ ಮಾತ್ರ ಇರಬೇಕು ಕಣಮ್ಮ. ಇನ್ನೊಬ್ಬನ ಕೈಗೂ ಕೊಟ್ರೆ ಎರಡು ಗಾಡಿ ಎದುರುಬದುರು ಬತ್ತವೆ. ಪಾಸ್‌ವರ್ಡೂ ಹಂಗೇಯ. ಕಂಪ್ಯೂಟರ್ ಡಬ್ಬ ಕೆಟ್ಟೈತೆ, ಸರಿ. ಒಳಗಿರೋರ ಮಾತು ಕೆಟ್ಟಿಲ್ವಲ್ಲ?"

ನಾವು ನಗುತ್ತಿದ್ದೆವು. ಅವರ ಎದುರು ಅರ್ಧ ದಿನ ಕೂರುವ ತಾಳ್ಮೆ ನನಗಂತೂ ಇರಲಿಲ್ಲ.

ಆಗ ನಾನು ಕೋರ್ಟಿನ ಹಿಂದಿನ ರಸ್ತೆಯ ಒಂದು ಸಣ್ಣ ಕಚೇರಿಯಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಮನೆಯಲ್ಲಿ ಹೊಡೆತ ತಿಂದ ಹೆಂಗಸರು ಅಲ್ಲಿಗೆ ಬಂದು ಹೇಳಿಕೆ ಕೊಡುತ್ತಿದ್ದರು, ವಕೀಲೆ ಮೇಡಂ ಕೇಳುತ್ತಿದ್ದರು, ನಾನು ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಮಾದಿಹಳ್ಳಿ ಕಡೆಯ ಶಶಿಕಲಾ ಹಾಗೆ ಬಂದವಳು. ಗಂಡ ಕೈ ಮುರಿದಿದ್ದ, ಮುಂದಿನ ಸಲ ಕೊಂದೇಬಿಡುತ್ತೇನೆ ಎಂದಿದ್ದ. ಆಕೆ ಮಗಳನ್ನು ಕರೆದುಕೊಂಡು ಕಣಕಟ್ಟೆಯಲ್ಲಿ ಸ್ಕೂಲ್ ಟೀಚರಾಗಿದ್ದ ಗೆಳತಿಯ ಮನೆಯಲ್ಲಿ ಅಡಗಿದ್ದಳು. ಆ ಮನೆಯ ವಿಳಾಸವನ್ನು ಟೈಪ್ ಮಾಡಿದವಳು ನಾನೇ. ಗಂಡ ಒಮ್ಮೆ ಕಚೇರಿಗೆ ಬಂದು ಕೂಗಾಡಿ ಹೋಗಿದ್ದ. ಆ ಮುಖ ನನಗೆ ಮರೆತಿರಲಿಲ್ಲ.

ಮೇಡಂ ಹಾಸನಕ್ಕೆ ಹೋಗಿದ್ದ ದಿನ ಕಂಪ್ಯೂಟರ್ ಆನ್ ಆಗಲಿಲ್ಲ. ಬೋರಯ್ಯನವರ ಸ್ಟೂಲು ನೆನಪಾಗಿ ಬೇಸರವಾಯಿತು. ಆಟೋದಲ್ಲಿ ಹಾಕಿಸಿಕೊಂಡು ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಂಗಡಿಯವನು, "ಬಿಟ್ಟೋಗಿ ಮೇಡಂ, ಪಾಸ್‌ವರ್ಡ್ ಒಂದು ಚೀಟೀಲಿ ಬರ್ದುಕೊಡಿ, ಟೆಸ್ಟ್ ಮಾಡೋಕೆ ಬೇಕಾಗುತ್ತೆ" ಎಂದ. ಬರೆದುಕೊಟ್ಟೆ.

ಮಾರನೆಯ ಬೆಳಿಗ್ಗೆ ವಿಚಾರಿಸಲು ಹೋದೆ. ಅಂಗಡಿಯೊಳಗೆ, ಮಾಲೀಕನ ಪಕ್ಕದ ಕುರ್ಚಿಯಲ್ಲಿ, ಶಶಿಕಲಾಳ ಗಂಡ ಟೀ ಕುಡಿಯುತ್ತ ಕುಳಿತಿದ್ದ. ಇಬ್ಬರೂ ಹಳೆಯ ಸ್ನೇಹಿತರಂತೆ ನಗುತ್ತಿದ್ದರು. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು.

"ಇನ್ನೂ ಆಗಿಲ್ಲ ಮೇಡಂ, ಸಂಜೆ ಬನ್ನಿ" ಎಂದ ಮಾಲೀಕ.

ಗಂಡ ತಲೆಯೆತ್ತಿ ನನ್ನನ್ನೇ ನೋಡಿದ. "ನೀವು ಕೋರ್ಟ್ ಹಿಂದ್ಗಡೆ ಆಫೀಸಿನೋರಲ್ವಾ?"

ನಾನು ಹೌದೆಂದೆನೋ ಇಲ್ಲವೆಂದೆನೋ ಗೊತ್ತಿಲ್ಲ. ರಸ್ತೆಗೆ ಓಡಿಬಂದೆ. ಮೇಡಂಗೆ ಫೋನ್ ಮಾಡಿದೆ, ಸಿಗಲಿಲ್ಲ. ಪೊಲೀಸರಿಗೆ ಏನೆಂದು ಹೇಳಲಿ? ಕಂಪ್ಯೂಟರನ್ನು ಯಾರೂ ಕದ್ದಿರಲಿಲ್ಲ, ನಾನೇ ಕೈಯಾರೆ ಕೊಟ್ಟುಬಂದಿದ್ದೆ. ಓಡಿದ್ದು ಬೋರಯ್ಯನವರ ಮನೆಗೆ.

ಅವರು ತಿಂಡಿಯ ತಟ್ಟೆಯ ಮುಂದಿದ್ದರು. ನಾನು ತೊದಲಿದ್ದನ್ನು ಪೂರ್ತಿ ಕೇಳಿ, ಕೈ ತೊಳೆದು, ಅಂಗಿ ಹಾಕಿಕೊಂಡರು.

ನಾವು ಹೋಗುವಷ್ಟರಲ್ಲಿ ಆ ಕುರ್ಚಿ ಖಾಲಿ. ಅರ್ಧ ಕುಡಿದ ಟೀ ಲೋಟ ಹಾಗೇ ಇತ್ತು.

"ಆಗಿಲ್ಲ ಅಂದೆನಲ್ಲ ಮೇಡಂ?" ಎಂದ ಮಾಲೀಕ.

"ಆಗಿಲ್ಲ ಅಂದ್ರೆ ಡಬ್ಬದ ಫ್ಯಾನ್ ಸದ್ದು ಹೆಂಗೆ ಬತ್ತಾ ಐತಪ್ಪ?" ಎಂದರು ಬೋರಯ್ಯನವರು. ಅವನು ಏನೋ ಹೇಳುವ ಮೊದಲೇ ಅವರು ಮೇಜನ್ನು ಸುತ್ತಿ ಹೋಗಿ, ಗೋಡೆಯ ಕಡೆ ತಿರುಗಿಸಿಟ್ಟಿದ್ದ ಮಾನಿಟರನ್ನು ನನ್ನತ್ತ ತಿರುಗಿಸಿದರು. ಪರದೆಯ ಮೇಲೆ ನನ್ನ ಫೋಲ್ಡರ್ ತೆರೆದಿತ್ತು. ಸಾಲಾಗಿ ಹೆಂಗಸರ ಹೆಸರುಗಳು. ನಾನು ಬರೆದುಕೊಟ್ಟ ಚೀಟಿ ಮಾನಿಟರಿನ ಅಂಚಿಗೆ ಅಂಟಿಕೊಂಡಿತ್ತು.

"ಅಮ್ಮ, ನೀವೇ ಆಫ್ ಮಾಡಿ" ಎಂದರು. ನನ್ನ ಬೆರಳು ಎರಡು ಸಲ ಬೇರೆ ಗುಂಡಿಯನ್ನೇ ಒತ್ತಿತು.

ಯಂತ್ರವನ್ನು ಅಂಗಡಿಯಿಂದ ಹೊತ್ತುತಂದು ಅವರ ಮನೆಯಲ್ಲಿಟ್ಟು ಬೀಗ ಹಾಕುವಾಗ ಕೇಳಿದೆ: "ಶಶಿಕಲಾ ಹೇಳಿಕೆನ ಅವಳ ಗಂಡ ಓದಿರ್ತಾನಾ ಸಾರ್?"

"ಓದವ್ನೋ ಇಲ್ವೋ ನಂಗೂ ಗೊತ್ತಿಲ್ಲ. ಓದವ್ನೆ ಅಂತ್ಲೇ ತಿಳ್ಕಂಡು ನಡೀರಿ."

ಫೋನ್ ಮಾಡೋಣವೆಂದರೆ ಟೀಚರ್ ನಂಬರ್ ನನ್ನ ಬಳಿ ಇರಲಿಲ್ಲ. ಬೋರಯ್ಯನವರ ಹಳೆಯ ಸ್ಕೂಟರಿನಲ್ಲಿ ಕಣಕಟ್ಟೆಗೆ ಹೊರಟೆವು. ಹಿಂದಿನಿಂದ ಬಂದ ಪ್ರತಿಯೊಂದು ಬೈಕಿನ ಸದ್ದಿಗೂ ನಾನು ತಿರುಗಿ ನೋಡುತ್ತಿದ್ದೆ. ರಸ್ತೆಯ ಎರಡೂ ಕಡೆಯ ತೆಂಗಿನ ತೋಟಗಳು ಮುಗಿಯುವಂತೆಯೇ ಕಾಣಲಿಲ್ಲ. ಅವನು ಆಗಲೇ ಆ ಮನೆಯೊಳಗೆ ನುಗ್ಗಿದ್ದರೆ? ಆ ಮಗು? ಬಾಗಿಲು ತೆರೆದಾಗ ಏನನ್ನು ನೋಡಬೇಕಾಗುತ್ತದೋ ಎಂಬುದನ್ನು ನೆನೆಯಬಾರದೆಂದು ಕಣ್ಣು ಮುಚ್ಚಿಕೊಂಡರೆ ಅದೇ ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ಶಶಿಕಲಾ ಹಿತ್ತಿಲಲ್ಲಿ ಒಂದೇ ಕೈಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳನ್ನು ಕಂಡಕೂಡಲೇ ನಾನು ಅಳತೊಡಗಿದೆ. ಆಗಿದ್ದನ್ನು ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಆಕೆ ಬೈಯಲಿಲ್ಲ. ಒದ್ದೆ ಬಟ್ಟೆಯನ್ನೇ ಚೀಲಕ್ಕೆ ತುಂಬುತ್ತ, "ಇನ್ನೆಲ್ಲಿಗೆ ಹೋಗ್ಲಿ ಅಕ್ಕ?" ಎಂದಳು. ಆ ಪ್ರಶ್ನೆಗಿಂತ ಬೈದಿದ್ದರೇ ಚೆನ್ನಾಗಿತ್ತು.

"ನಾನು ಕರ್ಕಂಡೋಗ್ತೀನಿ ಬಾ ಮಗ" ಎಂದರು ಬೋರಯ್ಯನವರು. ಸ್ಕೂಟರನ್ನು ಟೀಚರ್ ಮನೆಯ ಹಿಂದೆ ನಿಲ್ಲಿಸಿ, ತಾಯಿ ಮಗಳ ಜೊತೆ ಬಸ್ ನಿಲ್ಲುವ ಜಾಗಕ್ಕೆ ನಡೆದರು. ನಾನೂ ಹೋದೆ.

"ಎಲ್ಲಿಗೆ ಸಾರ್?"

"ನಿಮಗೂ ಹೇಳಲ್ಲ ಕಣಮ್ಮ. ಹೇಳಿದ್ರೆ ನಾಳೆ ಟೈಪ್ ಮಾಡ್ತೀರಿ."

ಕೋಪದಲ್ಲಿ ಹೇಳಿದ್ದಲ್ಲ. ಆದರೂ ಕಪಾಳಕ್ಕೆ ಬಿದ್ದಂತಾಯಿತು. ದೂರದಲ್ಲಿ ಬಸ್ಸು ಕಂಡಾಗ, "ಬೋರ್ಡ್ ನೋಡ್ಬ್ಯಾಡಿ, ಆ ಕಡೆ ತಿರುಗ್ಕಳಿ" ಎಂದರು. ತಿರುಗಿ ನಿಂತೆ. ಬಸ್ಸು ನಿಂತ ಸದ್ದು, ಮಗು ಏನೋ ಕೇಳಿದ ಸದ್ದು, ಬಸ್ಸು ಹೊರಟ ಸದ್ದು.

ಅರಸೀಕೆರೆಯ ಬಸ್ಸಿಗೆ ಕಾಯುತ್ತ ಒಬ್ಬಳೇ ನಿಂತಿದ್ದಾಗ ಎರಡು ಬೈಕುಗಳು ಬಂದವು. ಮುಂದಿನದರಲ್ಲಿ ಅವನು, ಹಿಂದಿನದರಲ್ಲಿ ಮತ್ತಿಬ್ಬರು. ತೆಂಗಿನಕಾಯಿ ತುಂಬುತ್ತಿದ್ದ ಲಾರಿಯ ಮರೆಗೆ ಸರಿದು ತಲೆಯ ಮೇಲೆ ಸೆರಗು ಎಳೆದುಕೊಂಡೆ. ಬೈಕುಗಳು ನನ್ನನ್ನು ದಾಟಿ ನೇರವಾಗಿ ಟೀಚರ್ ಮನೆಯ ರಸ್ತೆಗೆ ತಿರುಗಿದವು. ಯಾರನ್ನೂ ದಾರಿ ಕೇಳಲಿಲ್ಲ.

ಮನೆಯನ್ನೆಲ್ಲ ಹುಡುಕಿದನಂತೆ, ಅಟ್ಟವನ್ನೂ ಬಿಡದೆ. ಟೀಚರ್ ಗಟ್ಟಿಗಿತ್ತಿ, ಅಕ್ಕಪಕ್ಕದವರನ್ನು ಕೂಗಿ ಸೇರಿಸಿ ಅವರನ್ನು ಹೊರಗಟ್ಟಿದಳು. ಬೋರಯ್ಯನವರು ಎರಡು ದಿನ ಬಿಟ್ಟು ಬಂದು ಸ್ಕೂಟರ್ ತೆಗೆದುಕೊಂಡು ಹೋದರು. ನಾನು ಮೇಡಂ ಎದುರು ಎಲ್ಲವನ್ನೂ ಒಪ್ಪಿಕೊಂಡೆ. ಕೆಲಸ ಹೋಗಲಿಲ್ಲ, ಆದರೆ ಮುಂದೆ ಹೇಳಿಕೆಗಳಲ್ಲಿ ವಿಳಾಸ ಬರೆಯುವುದನ್ನು ಮೇಡಂ ನಿಲ್ಲಿಸಿದರು. ಕೇಸು ನಡೆದ ತಿಂಗಳುಗಳಲ್ಲಿ ಪ್ರತಿ ಬಾರಿಯೂ ಶಶಿಕಲಾ ಬೋರಯ್ಯನವರ ಜೊತೆಯಲ್ಲೇ ಕೋರ್ಟಿಗೆ ಬರುತ್ತಿದ್ದಳು, ಅವರ ಜೊತೆಯಲ್ಲೇ ಹೊರಟುಬಿಡುತ್ತಿದ್ದಳು. ಕೊನೆಗೆ ವಿಚ್ಛೇದನವಾಯಿತು, ಮಗಳು ಆಕೆಯ ಬಳಿಯೇ ಉಳಿದಳು.

ಕೆಲವು ವರ್ಷಗಳ ನಂತರ, ನಾನು ಬೇಲೂರಿಗೆ ಬಂದಮೇಲೆ, ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಬೋರಯ್ಯನವರು ಸಿಕ್ಕರು. ರೈಲ್ವೆಯ ಹಳೆಯ ಗೆಳೆಯರ ಜೊತೆ ದೇವಸ್ಥಾನ ನೋಡಲು ಬಂದಿದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು. ಮಾತಾಡುತ್ತ ಕೇಳಿಯೇಬಿಟ್ಟೆ: "ಅವತ್ತು ಶಶಿಕಲಾನ ಎಲ್ಲಿಗೆ ಕರ್ಕೊಂಡ್ಹೋದ್ರಿ ಸಾರ್?"

"ಈಗ್ಯಾಕಮ್ಮ?"

"ಸುಮ್ನೆ, ಗೊತ್ತಿರ್ಲಿ ಅಂತ."

"ಸುಮ್ನೆ ಗೊತ್ತಿರಬೇಕಾದ್ದಲ್ಲ ಅದು. ಅವಳ ಮಾತು, ಅವಳನ್ನೇ ಕೇಳಿ" ಎಂದು ನನ್ನ ಆರೋಗ್ಯ ವಿಚಾರಿಸತೊಡಗಿದರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಶಶಿಕಲಾ ಬಂದಿದ್ದಳು, ಎತ್ತರಕ್ಕೆ ಬೆಳೆದ ಮಗಳ ಜೊತೆ. ನನ್ನ ಪಕ್ಕದಲ್ಲೇ, ಬಿಸಿಲಿನಲ್ಲಿ, ಬಹಳ ಹೊತ್ತು ನಿಂತಿದ್ದಳು. ಅವತ್ತು ಎಲ್ಲಿಗೆ ಹೋಗಿದ್ದೆ ಎಂದು ಕೇಳಬಹುದಿತ್ತು. ನಾನು ಕೇಳಲಿಲ್ಲ.