ಆಮ್ರಪಾಲಿಯ ಕೌದಿ

ಭಾಲ್ಕಿಯ ನಮ್ಮ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಆಮ್ರಪಾಲಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುತ್ತಾರೆ. ಹಾಗೆನ್ನುವವರ ಮೇಲೆ ನನಗೂ ಸಿಟ್ಟಿದೆ. ಆಕೆ ಔರಾದ ಸೀಮೆಯ ಹಳ್ಳಿಹಳ್ಳಿ ಅಲೆದದ್ದು ಅವರಿಗೇನು ಗೊತ್ತು?

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಸತ್ತವರ ಬಟ್ಟೆ ಕೇಳುತ್ತ ಹೋದಳು. ರಜಾಕಾರರು ಕೊಂದವರ ಮನೆಗಳಿಗೆ ಹೋದಳು. ಭಾರತದ ಮಿಲಿಟರಿ ಬಂದ ಮೇಲೆ ಊರವರೇ ಕೊಂದ ಮುಸಲ್ಮಾನರ ಮನೆಗಳಿಗೂ ಹೋದಳು. ಒಬ್ಬರು ಅಂಗಿಯ ತೋಳು ಕೊಟ್ಟರು, ಇನ್ನೊಬ್ಬರು ಸೀರೆಯ ಸೆರಗು. ಹಲೀಮಾಬಿ ಎಂಬ ಮುದುಕಿ ತಮ್ಮ ತಂದೆಯ ರುಮಾಲು ಕೊಟ್ಟರು. ಆತ ಸತ್ತಾಗ ಈಕೆ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ತಂದೆಯದೆಂದು ಉಳಿದದ್ದು ಅದೊಂದೇ.

"ಮಂದಿಗಿ ತೋರಿಸ್ತೀ ಅಲ್ಲಾ ಬೇಟಿ?" ಎಂದು ಕೇಳಿದರು.

"ತೋರಿಸ್ತೇನ್ರಿ" ಎಂದು ಆಮ್ರಪಾಲಿ ಮಾತು ಕೊಟ್ಟಳು.

ಆ ತುಂಡುಗಳನ್ನೆಲ್ಲ ಸೇರಿಸಿ ಆಕೆಯ ತಾಯಿ ಅನುಸೂಯಾಬಾಯಿ ಕೌದಿ ಹೊಲಿದರು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರಿಟ್ಟರು, ಕೌದಿ ಹಸಿದಿರಬಾರದು. ಹಾಗೆ ತುತ್ತುಂಡ ಕೌದಿಗೆ ಅವರಲ್ಲಿ ಕತ್ತರಿ ಹಾಕುವುದಿಲ್ಲ.

ಸೆಪ್ಟೆಂಬರ್ ಹದಿನೇಳರ ವಿಮೋಚನಾ ದಿನಕ್ಕೆ ಬೀದರಿನಲ್ಲಿ ಪ್ರದರ್ಶನ. ಬೆಳಿಗ್ಗೆ ನಾವಿಬ್ಬರೂ ಹೋಗಿ ನೋಡಿದರೆ ಗೋಡೆಯ ಮೇಲೆ ಅರ್ಧ ಕೌದಿ! ಹಲೀಮಾಬಿಯಂಥವರು ಕೊಟ್ಟ ತುಂಡುಗಳಿದ್ದ ಕೆಳಗಿನ ಅರ್ಧವನ್ನು ಸಂಘಟಕ ಸುಶೀಲಕುಮಾರ ಹಿಂದಕ್ಕೆ ಮಡಚಿ ಮೊಳೆ ಹೊಡೆಸಿದ್ದ.

"ಕತ್ತರಿ ಹಚ್ಚಿಲ್ರಿ ಮೇಡಂ. ನಮ್ಮ ಮನ್ಯಾಗೂ ಅದೇ ಪದ್ಧತಿ ಅದ. ಬರೀ ಮಡಚೀನಿ" ಎಂದ, ದೊಡ್ಡ ಉಪಕಾರ ಮಾಡಿದವನ ಹಾಗೆ. "ಸಾಹೇಬರು ಬರಾವ್ರಿದ್ದಾರ, ಸುಮ್ನ ಯಾಕ ಲಫಡಾ?"

"ಮಡಚಿ ಇಡ್ಲಾಕ ಇದೇನ್ ನಿಮ್ಮ ಹಾಸಿಗಿ ಏನ್ರಿ?"

ಅಷ್ಟೇ ಅಂದು ಆಮ್ರಪಾಲಿ ಬರಿಗೈಯಲ್ಲೇ ಮೊಳೆ ಕಿತ್ತಳು. ಬೆರಳು ಹರಿದು ರಕ್ತ ಬಂತು. ಸುಶೀಲಕುಮಾರ ಆಕೆಯ ಕೈ ನೋಡಲಿಲ್ಲ, ಗೋಡೆಗೆ ಬಿದ್ದ ತೂತು ನೋಡಿದ. ನನಗೆ ಮೈ ಉರಿಯಿತು. ಆಕೆ ಕೌದಿಯನ್ನು ಹೊರಗೆ ಒಯ್ದು, ಗೇಟು ಮುಚ್ಚಿ, ಅದರ ಮೇಲೆ ರಸ್ತೆಗೆ ಕಾಣುವಂತೆ ಪೂರ್ತಿ ಹರವಿದಳು.

ಅಷ್ಟರಲ್ಲಿ ಹಲೀಮಾಬಿ ಔರಾದ ಬಸ್ಸಿಳಿದು ಬಂದರು. ಕಣ್ಣು ಮಂಜು. ಬೆರಳಾಡಿಸುತ್ತ ತಂದೆಯ ರುಮಾಲು ಹುಡುಕಿದರು. ಸಿಕ್ಕ ಮೇಲೆ ಅದರ ಮೇಲೆ ಅಂಗೈ ಇಟ್ಟು ನಿಂತರು.

ಸಾಹೇಬರ ಗಾಡಿ ಬಂದು ಹಾರ್ನ್ ಹೊಡೆಯತೊಡಗಿತು. ಸುಶೀಲಕುಮಾರ ಓಡಿ ಬಂದ. "ಗೇಟ್ ತೆಗೀರಿ ಮೇಡಂ, ಮುದುಕಿಗಿ ಸರಿಲಾಕ ಹೇಳ್ರಿ."

ಆಮ್ರಪಾಲಿ ಹೋಗಿ ಗಾಡಿಗೆ ಅಡ್ಡ ನಿಂತಳು.

"ಅವ್ರು ಅಪ್ಪನ ಹತ್ರ ಬಂದಾರ. ಗಾಡಿ ನಿಲ್ಲಲಿ."