ಹಿಂದಿನ ಸಾಲಿನಲ್ಲಿ ನಿಲ್ಲಿಸಿದ ಮಿಸ್ ವರ್ನೆಲ್

ದಕ್ಷಿಣ ಮೆಂಫಿಸ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೋಟೆಲುಗಳ ಬಟ್ಟೆ ಒಗೆಯುವ ಈ ಲಾಂಡ್ರಿಯೊಳಗೆ ಮಾತ್ರ ಆಗಲೇ ನಡುಮಧ್ಯಾಹ್ನದ ಸೆಕೆ. ಇಸ್ತ್ರಿ ಯಂತ್ರದ ದೊಡ್ಡ ಉರುಳೆಯಿಂದ ಬೆಡ್‌ಶೀಟುಗಳು ಬಿಸಿಬಿಸಿಯಾಗಿ ಹೊರಬರುತ್ತಿವೆ. ಹಿಡಿದು ಮಡಿಸಲು ಇಬ್ಬರು ಬೇಕು. ಒಂದು ತುದಿಯಲ್ಲಿ, ನಮ್ಮಲ್ಲಿ ಎಲ್ಲರೂ ಗೌರವದಿಂದ ಮಿಸ್ ವರ್ನೆಲ್ ಎನ್ನುವ ವರ್ನೆಲ್ ಟಾಲಿವರ್ ನಿಂತಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು, ಮೊಣಕಾಲಿಗೆ ಬಿಗಿದ ಪಟ್ಟಿ, ತಲೆಗೆ ಹಳದಿ ಬಟ್ಟೆ. ಇನ್ನೊಂದು ತುದಿ ಹಿಡಿದ ಹೆಂಗಸನ್ನು ಯಾರೋ ಹೊಸದಾಗಿ ಕೆಲಸಕ್ಕೆ ಸೇರಿದವಳು ಅಂದುಕೊಳ್ಳುತ್ತೇನೆ. ಆಕೆ ಗುನುಗಲು ಶುರು ಮಾಡಿದ ಮೇಲೆ ನನಗೆ ಗುರುತು ಸಿಗುತ್ತದೆ.

ಆಕೆ ರೋಶೆಲ್ ಬ್ರಿಸ್ಕೋ. ಚರ್ಚಿನ ಹಾಡಿನಿಂದ ಬೆಳೆದ ಸೋಲ್ ಸಂಗೀತ ಕೇಳುವವರಿಗೆ ಬೇರೆ ಪರಿಚಯ ಬೇಡ. ದೇಶದೇಶಗಳ ಸಭಾಂಗಣ ತುಂಬಿಸಿದ ಗಾಯಕಿ, ಈ ಬೆಳಗಿನ ಜಾವದಲ್ಲಿ ಯಾವುದೋ ಹೋಟೆಲಿನ ಬೆಡ್‌ಶೀಟಿನ ಮೂಲೆ ಹಿಡಿದು ನಿಂತಿದ್ದಾರೆ.

"ದನೀನ ಮೇಲೆ ಒಯ್ಬೇಡ ಮಗಾ," ಮಡಿಸುವ ಕೈ ನಿಲ್ಲಿಸದೆಯೇ ಮಿಸ್ ವರ್ನೆಲ್ ಹೇಳುತ್ತಾರೆ. "ಯಂತ್ರದ ಜೊತೆ ಜಗಳಕ್ಕೆ ಬಿದ್ರೆ ಯಂತ್ರಾನೇ ಗೆಲ್ಲೋದು. ಅದರ ಸದ್ದಿನ ಕೆಳಗಡೆ ನುಸುಳಿಕೊಂಡು ಹೋಗು."

"ಇದನ್ನೇ ಎಷ್ಟು ವರ್ಷದಿಂದ ಹೇಳ್ತಿದೀರಿ, ಮಿಸ್ ವರ್ನೆಲ್?"

"ನೀನು ಕೇಳಿಸ್ಕೊಂಡಿದ್ರೆ ಒಂದೇ ಸಲಕ್ಕೆ ಮುಗೀತಿತ್ತು."

ನಾನು ಬಂದದ್ದು ಮಿಸ್ ವರ್ನೆಲ್ ಬಗ್ಗೆ ಪತ್ರಿಕೆಗೆ ಬರೆಯಲು. ನಮ್ಮ ಸ್ವೀಟ್ ಬ್ರೂಕ್ ಚರ್ಚಿನ ಹಾಡುಗಾರರ ತಂಡವನ್ನು ನಡೆಸುವವರು ಅವರೇ. ಚಿಕ್ಕಂದಿನಲ್ಲಿ ನಾನೂ ಅವರ ಕೈಕೆಳಗೆ ಹಾಡಿದ್ದೇನೆ. ಎರಡು ಭಾನುವಾರ ನನ್ನ ದನಿ ಕೇಳಿ ನೋಡಿ, ಬಂದವರಿಗೆ ಬೀಸಣಿಗೆ ಹಂಚುವ ಕೆಲಸಕ್ಕೆ ನನ್ನನ್ನು ಕಳಿಸಿಬಿಟ್ಟರು. ಕಿವಿ ಇರುವವರು ಯಾರೂ ಅದನ್ನು ತಪ್ಪು ಅನ್ನಲಾರರು.

ರೋಶೆಲ್ ಈ ಲಾಂಡ್ರಿಗೆ ಸೇರಿದಾಗ ಆಗಷ್ಟೇ ಶಾಲೆ ಮುಗಿಸಿದ ಹುಡುಗಿ. ಬಂದ ಮೊದಲ ವಾರವೇ, ನಾನು ದೊಡ್ಡ ಹೆಸರು ಮಾಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದರಂತೆ. "ಮಾಡು, ಬೇಡ ಅಂದೋರ್ಯಾರು, ಮೊದಲು ಈ ಮೂಲೆ ಸರಿಯಾಗಿ ಹಿಡಿ ಅಂದೆ," ಎಂದು ಮಿಸ್ ವರ್ನೆಲ್ ನಗುತ್ತಾರೆ.

ಚರ್ಚಿನಲ್ಲಿ ಒಳ್ಳೆಯ ಕಂಠದ ಹುಡುಗಿ ಸಿಕ್ಕರೆ ಮುಂದೆ ನಿಲ್ಲಿಸಿ ಒಂಟಿಯಾಗಿ ಹಾಡಿಸುವುದು ಎಲ್ಲರ ವಾಡಿಕೆ. ಮಿಸ್ ವರ್ನೆಲ್ ಮಾತ್ರ ರೋಶೆಲ್‌ರನ್ನು ಕೊನೆಯ ಸಾಲಿಗೆ ತಳ್ಳಿ, ಕೆಳಗಿನ ಸ್ವರ ಹಾಡುವವರ ನಡುವೆ ನಿಲ್ಲಿಸಿದರು. ವರ್ಷಗಟ್ಟಲೆ ಅಲ್ಲೇ. ರೋಶೆಲ್ ಅತ್ತರು, ಮುನಿಸಿಕೊಂಡರು, ಚರ್ಚನ್ನೇ ಬಿಡುತ್ತೇನೆ ಎಂದರು. ಬಿಡಲಿಲ್ಲ. ಬೆಳಗ್ಗೆ ಲಾಂಡ್ರಿ, ಸಂಜೆ ತಾಲೀಮು, ವಾರದ ಕೊನೆಗೆ ಯಾರದೋ ಮದುವೆ, ಯಾರದೋ ಸಾವು, ಹೆದ್ದಾರಿ ಬದಿಯ ಯಾವುದೋ ಕ್ಲಬ್ಬು. ಕರೆದಲ್ಲೆಲ್ಲ ಹೋಗಿ ಹಾಡಿ, ಬಸ್ಸಿನಲ್ಲೇ ನಿದ್ದೆ ಮುಗಿಸಿ ಮರುದಿನ ಉರುಳೆಯ ಮುಂದೆ ಹಾಜರಾಗುತ್ತಿದ್ದರು.

"ಹಿಂದೆ ನಿಂತು ಮಿಕ್ಕೋರ ದನಿ ಕೇಳಿಸ್ಕೊಳ್ಳೋಕೆ ಬರದಿದ್ದೋರು ಮುಂದೆ ನಿಂತು ಏನು ಹಾಡ್ತಾರೆ? ಕೂಗ್ತಾರೆ ಅಷ್ಟೆ," ಎನ್ನುತ್ತಾರೆ ಮಿಸ್ ವರ್ನೆಲ್. "ಆದ್ರೆ ಒಂದು ಮಾತು. ಅವಳ ಹಠ ಅವಳದೇ ಕಣಪ್ಪಾ. ಅದನ್ನ ನಾನು ಕಲಿಸಲಿಲ್ಲ."

ನಿಮಗೂ ಹೆಸರು ಮಾಡುವ ಆಸೆ ಇರಲಿಲ್ಲವೇ ಎಂದು ಕೇಳುತ್ತೇನೆ. ಇದ್ದೇ ಇತ್ತು. ಹರೆಯದಲ್ಲಿ ಮಿಸ್ ವರ್ನೆಲ್ ಇದೇ ಊರಿನ ಸಣ್ಣ ಸ್ಟುಡಿಯೋಗಳಲ್ಲಿ ಬೇರೆ ಗಾಯಕರ ಹಾಡಿಗೆ ಹಿಂದೆ ನಿಂತು ದನಿ ಕೂಡಿಸುತ್ತಿದ್ದರು. ಇಂದಿಗೂ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಹಾಕುವ ಹಳೆಯ ಹಾಡುಗಳಲ್ಲಿ ಅವರ ದನಿಯಿದೆ. ರೆಕಾರ್ಡಿನ ಹೊದಿಕೆಯ ಮೇಲೆ ಅವರ ಹೆಸರಿಲ್ಲ. "ಮೂರು ಜನ 'ಊ' ಅಂತೀವಲ್ಲ, ಅದರಲ್ಲಿ ಮಧ್ಯದೋಳು ನಾನು," ಎಂದು ಕಣ್ಣು ಮಿಟುಕಿಸುತ್ತಾರೆ. "ನಂಗೆ ಸಂಜೆ ಆದ್ರೆ ಮನೆ ನೆನಪಾಗ್ತಿತ್ತು. ರೋಶೆಲ್‌ಗೆ ಮನೇಲಿ ಕೂತ್ರೂ ಸ್ಟೇಜೇ ನೆನಪಾಗ್ತಿತ್ತು. ಅಷ್ಟೇ ವ್ಯತ್ಯಾಸ."

ಮಿಸ್ ವರ್ನೆಲ್‌ರ ಗಂಡ ಟ್ರಕ್ ಓಡಿಸುತ್ತಿದ್ದವರು, ಬೇಗ ತೀರಿಕೊಂಡರು. ಮಕ್ಕಳನ್ನು ದಡ ಸೇರಿಸಿದ್ದು ಈ ಲಾಂಡ್ರಿಯೇ. ಮುಂಗೈಯಲ್ಲಿ ಹಬೆ ಸುಟ್ಟ ಗುರುತುಗಳಿವೆ. ಅದರ ಬಗ್ಗೆ ಕೇಳಿದರೆ ಮಾತು ಬದಲಾಯಿಸುತ್ತಾರೆ.

ರೋಶೆಲ್ ಈಗ ಇಲ್ಲಿರುವುದಕ್ಕೆ ಕಾರಣವಿದೆ. ಕಳೆದ ವರ್ಷ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಹಾಡಬಹುದು, ಆದರೆ ಹಳೆಯ ದನಿ ಬರುತ್ತದೆಂದು ಹೇಳಲಾರೆವು ಎಂದರು ಡಾಕ್ಟರು. ಅಂದಿನಿಂದ ಆಕೆ ಜನರ ಮುಂದೆ ಬಾಯಿ ತೆರೆದಿಲ್ಲ. ಬರುವ ಭಾನುವಾರ ಚರ್ಚಿನ ವಾರ್ಷಿಕೋತ್ಸವ. ಅಲ್ಲಿ ಹಾಡುತ್ತೇನೆ, ದನಿ ಕೈಕೊಟ್ಟರೆ ಇನ್ನೆಂದೂ ವೇದಿಕೆ ಹತ್ತುವುದಿಲ್ಲ ಎಂದು ಮಿಸ್ ವರ್ನೆಲ್‌ಗೆ ಹೇಳಿಬಿಟ್ಟಿದ್ದಾರೆ. ಅದಕ್ಕೇ ತಿಂಗಳಿಂದ ಈ ಮುಂಜಾನೆಯ ಪಾಠ. ಸಂಬಳವಿಲ್ಲದ ಕೆಲಸದವಳು ಸಿಕ್ಕಿದ್ದಾಳೆಂದು ಲಾಂಡ್ರಿಯ ಮಾಲೀಕ ಒಳಗೊಳಗೇ ಖುಷಿಯಾಗಿದ್ದಾನೆ.

"ಕೆಳಗಿನಿಂದ ಶುರು ಮಾಡು," ಎಂದು ಮಿಸ್ ವರ್ನೆಲ್ ದಿನವೂ ಹೇಳಿ ಕಳಿಸುತ್ತಾರೆ. "ಹತ್ತೋಕೆ ಮೆಟ್ಟಿಲು ಉಳಿಸ್ಕೋ."

ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮಲ್ಲಿ ಒಂಟಿಯಾಗಿ ಹಾಡುವವರಿಗೆ ಯಾರೂ ಶ್ರುತಿ ಕೊಡುವುದಿಲ್ಲ. ಅವರು ತಮಗೆ ತೋಚಿದ ಸ್ವರದಲ್ಲಿ ಎತ್ತಿಕೊಳ್ಳುತ್ತಾರೆ, ಆರ್ಗನ್ ವಾದ್ಯ ನುಡಿಸುವ ಬ್ರದರ್ ಕ್ಲಿಯೋಫಸ್ ಆ ಸ್ವರವನ್ನು ಹುಡುಕಿಕೊಂಡು ಹೋಗುತ್ತಾರೆ. ಯಾವ ಸ್ವರದಲ್ಲಿ ಎತ್ತಿಕೊಂಡಿರೋ, ಹಾಡು ಮುಗಿಯುವವರೆಗೂ ಅಲ್ಲೇ ಬದುಕಬೇಕು.

ರೋಶೆಲ್ ಎದ್ದು ನಿಲ್ಲುತ್ತಾರೆ. ತುಂಬಿದ ಚರ್ಚು, ಎಲ್ಲರೂ ತನ್ನವರೇ. ಮನೆಯವರೆದುರು ಸಣ್ಣವಳಾಗಬಾರದು ಅನ್ನಿಸಿತೋ ಏನೋ, ರೆಕಾರ್ಡಿನಲ್ಲಿ ಹಾಡುತ್ತಿದ್ದ ಹಳೆಯ ಎತ್ತರದ ಸ್ವರದಲ್ಲೇ ಎತ್ತಿಕೊಂಡುಬಿಡುತ್ತಾರೆ. ಕ್ಲಿಯೋಫಸ್ ಹುಬ್ಬೇರಿಸುತ್ತಾರೆ, ಆದರೂ ಆರ್ಗನ್ನು ಹಿಂಬಾಲಿಸುತ್ತದೆ. ಮೊದಲ ಚರಣ ಹೇಗೋ ದಾಟುತ್ತದೆ. ಎರಡನೆಯದರ ನಡುವೆ ದನಿ ಒಡೆದು, ನಿಂತೇಹೋಗುತ್ತದೆ.

"ನಿಧಾನ ಮಗಳೇ, ನಿಧಾನ!" ಹಿಂದಿನಿಂದ ಯಾರೋ ಅಜ್ಜಿ ಕೂಗುತ್ತಾರೆ. "ಅವಸರ ಏನೂ ಇಲ್ಲಮ್ಮಾ!" ಮತ್ತೊಬ್ಬರು. ರೋಶೆಲ್ ಬಾಯಿ ತೆರೆಯುತ್ತಾರೆ. ಏನೂ ಬರುವುದಿಲ್ಲ. ಆಕೆಯ ಕಣ್ಣು ಬಾಗಿಲಿನ ಕಡೆ ಹೋಗುತ್ತದೆ.

ಒಬ್ಬರು ಹಾಡುವಾಗ ಮೇಲೆ ಬಿದ್ದು ಹಾಡುವವರನ್ನು ಮಿಸ್ ವರ್ನೆಲ್ ಎಂದೂ ಸುಮ್ಮನೆ ಬಿಟ್ಟವರಲ್ಲ. ಇಂದು ಅವರೇ ಆ ಕಟ್ಟಳೆ ಮುರಿಯುತ್ತಾರೆ. ಹಾಡುಗಾರರ ಮುಂದೆ ನಿಂತಲ್ಲಿಂದಲೇ, ಬಾಯಿ ಮುಚ್ಚಿಕೊಂಡು, ಅದೇ ಸಾಲನ್ನು ಬಹಳ ಕೆಳಗಿನಿಂದ ಗುನುಗುತ್ತಾರೆ. ಮಾತಿಲ್ಲ, ಬರೀ ದನಿ. ಆ ವಯಸ್ಸಾದ ಎದೆಯಿಂದ ಅಂಥ ತುಂಬಿದ ನಾದ ಬಂದೀತೆಂದು ನಾನು ಎಣಿಸಿರಲಿಲ್ಲ. ಕ್ಲಿಯೋಫಸ್ ತಲೆ ಎತ್ತಿ ನೋಡಿ ಆರ್ಗನ್ನಿನ ಶ್ರುತಿಯನ್ನು ಮೆಲ್ಲಗೆ ಅವರ ಸ್ವರಕ್ಕೆ ಇಳಿಸುತ್ತಾರೆ.

ರೋಶೆಲ್ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ದನಿ ದೊರಗಾಗಿದೆ, ರೆಕಾರ್ಡಿನ ಹೊಳಪು ಅದರಲ್ಲಿಲ್ಲ. ಆದರೆ ಪ್ರತಿ ಮಾತೂ ನೇರ ಎದೆಗೆ ಬರುತ್ತದೆ. ಮಿಸ್ ವರ್ನೆಲ್ ಆಗಲೇ ಗುನುಗುವುದನ್ನು ನಿಲ್ಲಿಸಿ ಕೈಕಟ್ಟಿ ನಿಂತಿದ್ದಾರೆ. ಒಂದೊಂದೇ ಮೆಟ್ಟಿಲು ಹತ್ತುತ್ತ ರೋಶೆಲ್ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಇಡೀ ಚರ್ಚು ಎದ್ದು ನಿಂತಿದೆ. ನಾನು ಅಳುತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಗಂಟಲು ರಿಪೇರಿ ಮಾಡಿದ್ದು ಡಾಕ್ಟರು, ಅವರಿಗೆ ಒಳ್ಳೇದಾಗ್ಲಿ," ರೋಶೆಲ್ ಉಸಿರು ಸುಧಾರಿಸಿಕೊಂಡು, ಮಿಸ್ ವರ್ನೆಲ್ ಕಡೆ ಕೈ ತೋರಿಸಿ ಹೇಳುತ್ತಾರೆ. "ಆದ್ರೆ ಹಾಡೋದು ಹೇಗೆ ಅಂತ ಇವ್ರು ನಂಗೆ ಎರಡು ಸಲ ಕಲಿಸಿದ್ರು. ಇವರ ಋಣ ನಾನು ಹೇಗೆ ತೀರಿಸ್ಲಿ, ನೀವೇ ಹೇಳಿ." ಮುಂದಿನ ತಿಂಗಳಿಂದ ಮತ್ತೆ ವೇದಿಕೆ ಹತ್ತುತ್ತೇನೆ ಎಂದೂ ಅಲ್ಲೇ ಸಾರುತ್ತಾರೆ.

ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಕರಿದ ಮೀನು, ಬೇಯಿಸಿದ ಸೊಪ್ಪು, ಪೀಚ್ ಹಣ್ಣಿನ ಸಿಹಿ. ಎಲ್ಲರೂ ರೋಶೆಲ್ ಸುತ್ತ ಮುಗಿಬಿದ್ದಿದ್ದಾರೆ. ಮಿಸ್ ವರ್ನೆಲ್ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಬೂಟು ಕಳಚಿ, ಮೀನಿನ ಮುಳ್ಳು ಬಿಡಿಸುತ್ತಿದ್ದಾರೆ. ಇಂದಿನದನ್ನು ಹೇಗೆ ಬರೆಯಲಿ ಎಂದು ಕೇಳುತ್ತೇನೆ.

"ಹಾಡು ಅವಳದು, ಬೆವರೂ ಅವಳದು. ಹಾಗೇ ಬರಿ," ಎನ್ನುತ್ತಾರೆ. ಒಂದು ತುತ್ತು ತಿನ್ನುತ್ತಾರೆ. ರೋಶೆಲ್ ಇದ್ದ ಕಡೆ ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗುತ್ತಾರೆ.

"ಆದ್ರೆ ಮಧ್ಯದಲ್ಲಿ ಕೆಳಗಿನಿಂದ ಗುನುಗಿದ್ದು ಯಾರು ಅಂತ ಜನ ಕೇಳಿದ್ರೆ, ಹೆಸರು ಹಾಕು. ಪೂರ್ತಿ ಹೆಸರು ಹಾಕಪ್ಪಾ. ವರ್ನೆಲ್ ಮೇ ಟಾಲಿವರ್."